ಸಾರಿಸಿದ ನೆಲ, ಚಿಮುಕಿಸಿದ ನೆಲ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಒಂದು ಮನೆಯ ಜಗಲಿಯನ್ನು ಕಲ್ಪಿಸಿಕೊಳ್ಳಿ. ರಾಗಿ ಕೊಯ್ಲು ಮುಗಿದಿದೆ. ಸಂಕ್ರಾಂತಿಗೆ ಇನ್ನೂ ಹತ್ತು ಹನ್ನೆರಡು ದಿನವಿದೆ. ಕೆನಡಾದಲ್ಲಿ ಬೆಳೆಯುತ್ತಿರುವ ಮೊಮ್ಮಗ ರಜೆಗೆಂದು ತಾತನ ಊರಿಗೆ ಬಂದಿದ್ದಾನೆ. ಅವನ ಕೈಯಲ್ಲಿ ಮೊಬೈಲು. ಒಂದು ಪಕ್ಕದಲ್ಲಿ ತಾತ, ಇನ್ನೊಂದು ಪಕ್ಕದಲ್ಲಿ ಒಂಬತ್ತನೇ ತರಗತಿಯಲ್ಲಿ ಓದುವ ಚಿಕ್ಕಪ್ಪನ ಮಗಳು.

ಪರದೆಯ ಮೇಲೆ ಒಬ್ಬಾಕೆ ಮಂಡಿ ಮಡಿಸಿ ಬಾಗಿ, ಹಿಡಿಯಿರುವ ದುಂಡನೆಯ ಕಲ್ಲೊಂದನ್ನು ಮಂಜುಗಡ್ಡೆಯ ಮೇಲೆ ಮೆಲ್ಲಗೆ ಜಾರಿಬಿಡುತ್ತಾಳೆ. ಕಲ್ಲಿನ ಮುಂದೆ ಇಬ್ಬರು ಪೊರಕೆಯಂಥದ್ದನ್ನು ಹಿಡಿದು ನೆಲವನ್ನು ಉಜ್ಜುತ್ತಾ ಓಡುತ್ತಾರೆ.

‘ಇದೇನ್ಲಾ ಮಗ, ಕಸ ಗುಡಿಸೋದೂ ಒಂದು ಆಟವಾ?’ ಎನ್ನುತ್ತಾರೆ ತಾತ.

‘ಇದು ಕರ್ಲಿಂಗ್ ತಾತ. ಒಲಿಂಪಿಕ್ಸ್‌ನಲ್ಲೂ ಇದೆ.’

‘ಸ್ಕೇಟಿಂಗ್ ಮಾಡ್ತಾರಲ್ಲ, ಆ ಜಾಗದಲ್ಲೇ ಇದನ್ನೂ ಆಡ್ತಾರಾ?’ ಎಂದು ಹುಡುಗಿ ಕೇಳುತ್ತಾಳೆ.

‘ಇಲ್ಲ. ಅದರ ಐಸ್ ಬೇರೆ, ಇದರ ಐಸ್ ಬೇರೆ.’

‘ಐಸ್ ಅಂದ್ರೆ ಐಸ್ ಅಲ್ವಾ? ನೀರು ಗಟ್ಟಿಯಾದ್ರೆ ಆಯ್ತು. ಅದ್ರಲ್ಲಿ ಬೇರೆ ಬೇರೆ ಎಲ್ಲಿಂದ ಬಂತು?’

ಹುಡುಗನಿಗೆ ಉತ್ತರ ಹೊಳೆಯುವುದಿಲ್ಲ. ತಾತ ನಗುತ್ತಾರೆ. ‘ಮಣ್ಣು ಅಂದ್ರೂ ಮಣ್ಣೇ ಅಲ್ವೇನವ್ವ? ಗದ್ದೇಲಿ ರಾಗಿ ಬಡಿಯಕ್ಕಾಯ್ತದಾ? ಕಣದಲ್ಲಿ ಪೈರು ನೆಡಕ್ಕಾಯ್ತದಾ?’

ಕರ್ಲಿಂಗನ್ನು ಎಂದೂ ಕಾಣದ ತಾತನ ಈ ಮಾತಿನಲ್ಲಿ ಅರ್ಧ ಉತ್ತರ ಅಡಗಿದೆ. ಇನ್ನರ್ಧವನ್ನು ಭೌತವಿಜ್ಞಾನ ಹೇಳಬೇಕು.

ಕಣವೆಂಬ ವಿಜ್ಞಾನ

ಈಗ ರಾಗಿಯನ್ನು ಯಂತ್ರಕ್ಕೆ ಕೊಡುತ್ತಾರೆ, ಇಲ್ಲವೇ ಟಾರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳ ಚಕ್ರಕ್ಕೆ ಒಪ್ಪಿಸುತ್ತಾರೆ. ಹಿಂದೆ ಪ್ರತಿ ಸುಗ್ಗಿಗೂ ಕಣ ಮಾಡಬೇಕಿತ್ತು. ನೆಲವನ್ನು ಕೆತ್ತಿ, ನೀರು ಹಾಕಿ, ತುಳಿದು ಬಡಿದು ಗಟ್ಟಿ ಮಾಡಿ, ಮೇಲೆ ಸಗಣಿ ಬಗ್ಗಡ ಸಾರಿಸಿ ಒಣಗಿಸುತ್ತಿದ್ದರು. ಎತ್ತುಗಳು ರೋಣಗಲ್ಲನ್ನು ಎಳೆದು ಅದರ ಮೇಲೆ ಸುತ್ತುತ್ತಿದ್ದವು. ಬಿರುಕಿಲ್ಲದ ಆ ನೆಲದಲ್ಲಿ ಕಾಳು ಮಣ್ಣಿಗೆ ಸೇರುತ್ತಿರಲಿಲ್ಲ. ಪಕ್ಕದ ಗದ್ದೆಯಲ್ಲಿಯೋ, ಅದೇ ಮಣ್ಣನ್ನು ನೀರು ನಿಲ್ಲಿಸಿ ಉತ್ತು, ಕೆಸರು ಮಾಡಿ, ಹಲಗೆ ಹೊಡೆದು ಮಟ್ಟ ಮಾಡುತ್ತಿದ್ದರು. ಅಲ್ಲಿ ಬೇರು ಇಳಿಯಬೇಕು, ನೆಲ ಮೆತ್ತಗಿರಬೇಕು.

ಮಣ್ಣು ಒಂದೇ, ನೀರೂ ಒಂದೇ. ನೆಲದ ಮೇಲೆ ನಡೆಯುವ ಕೆಲಸ ಬೇರೆಯಾದುದರಿಂದ ನೆಲವೂ ಬೇರೆಯಾಗಿತ್ತು. ಮಂಜುಗಡ್ಡೆಯ ಆಟಗಳಲ್ಲೂ ಹೀಗೆಯೇ. ಸ್ಕೇಟಿಂಗ್ ಅಂಗಳವನ್ನು ನಮ್ಮ ಹೆಂಗಸರು ಮನೆಯ ನೆಲವನ್ನು ಸಾರಿಸುವಂತೆ ಸಾರಿಸುತ್ತಾರೆ. ಕರ್ಲಿಂಗ್ ಅಂಗಳಕ್ಕೆ ಬೆಳಿಗ್ಗೆ ಬಾಗಿಲಿಗೆ ನೀರು ಚಿಮುಕಿಸುವಂತೆ ಚಿಮುಕಿಸುತ್ತಾರೆ. ಏಕೆ ಹೀಗೆ? ಇದನ್ನು ತಿಳಿಯಲು ಮೊದಲು ಇನ್ನೊಂದು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು.

ಮಂಜುಗಡ್ಡೆ ಜಾರುವುದೇಕೆ?

ಈ ಪ್ರಶ್ನೆಗೆ ಹುಡುಗಿಯ ಬಳಿ ಸಿದ್ಧ ಉತ್ತರವಿದೆ, ಗೈಡಿನಲ್ಲಿ ಓದಿದ್ದು. ‘ಸ್ಕೇಟಿನ ಅಲಗು ಮಂಜುಗಡ್ಡೆಯನ್ನು ಒತ್ತುತ್ತದೆ. ಒತ್ತಡ ಹೆಚ್ಚಿದಾಗ ಮಂಜುಗಡ್ಡೆಯ ದ್ರವನಬಿಂದು ಇಳಿಯುತ್ತದೆ. ಆದ್ದರಿಂದ ಅದು ಕರಗಿ, ನೀರಿನ ಪೊರೆಯ ಮೇಲೆ ಸ್ಕೇಟು ಜಾರುತ್ತದೆ.’

‘ಹಾಗಾದ್ರೆ ನಾನು ಬರೀ ಶೂ ಹಾಕಿಕೊಂಡು ಹೋದಾಗಲೂ ಜಾರಿ ಬೀಳ್ತೀನಲ್ಲ? ಶೂಗೆ ಅಲಗು ಎಲ್ಲಿದೆ?’ ಎನ್ನುತ್ತಾನೆ ಹುಡುಗ.

ಸೊಗಸಾದ ಆಕ್ಷೇಪಣೆ! ಹುಡುಗಿಯ ಉತ್ತರ ಪೂರ್ತಿ ತಪ್ಪಲ್ಲ. ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ದ್ರವನಬಿಂದು ಇಳಿಯುವುದು ನಿಜ. ಜೇಮ್ಸ್ ಥಾಮ್ಸನ್ ಇದನ್ನು ಲೆಕ್ಕದಿಂದ ಮುನ್ನುಡಿದರು. ಅವರ ತಮ್ಮ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್, 1850ರಲ್ಲಿ ಪ್ರಯೋಗದಿಂದ ಸಾಧಿಸಿ ತೋರಿಸಿದರು. ಐಸ್ ಗಡ್ಡೆಯ ಮೇಲೆ ತೂಕ ಕಟ್ಟಿದ ತಂತಿಯನ್ನು ಇಳಿಬಿಟ್ಟರೆ ತಂತಿ ಗಡ್ಡೆಯನ್ನು ಹಾದು ಕೆಳಗೆ ಬಂದರೂ ಗಡ್ಡೆ ಎರಡಾಗದೆ ಉಳಿಯುವ ಪ್ರಯೋಗವನ್ನು ಹಲವು ಶಾಲೆಗಳಲ್ಲಿ ಮಾಡಿ ತೋರಿಸುತ್ತಾರೆ. ಇದೇ ತತ್ವದಿಂದ ಸ್ಕೇಟಿಂಗನ್ನು ವಿವರಿಸಲು 1886ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಯತ್ನಿಸಿದರು. ಅಂದಿನಿಂದ ಆ ವಿವರಣೆ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿದೆ.

ಆದರೆ ಲೆಕ್ಕ ಹಾಕಿ ನೋಡಿ. ಇದಕ್ಕೆ ಪ್ರೌಢಶಾಲೆಯ ಗಣಿತವೇ ಸಾಕು. 60 ಕಿಲೋಗ್ರಾಂ ತೂಕದ ವ್ಯಕ್ತಿ ಒಂದು ಕಾಲಿನ ಮೇಲೆ ನಿಂತಿದ್ದಾನೆ. ಅವನ ಭಾರ ಸುಮಾರು 600 ನ್ಯೂಟನ್. ಅಲಗಿನ ಉದ್ದ 30 ಸೆಂಟಿಮೀಟರ್, ದಪ್ಪ 3 ಮಿಲಿಮೀಟರ್ ಎಂದಿಟ್ಟುಕೊಂಡರೆ ಕ್ಷೇತ್ರಫಲ 9 ಚದರ ಸೆಂಟಿಮೀಟರ್. ಭಾಗಿಸಿದರೆ ಒತ್ತಡ ಸುಮಾರು 6.7 ಲಕ್ಷ ಪಾಸ್ಕಲ್. ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಆರೇಳು ಪಟ್ಟು. ಒಂದು ವಾಯುಭಾರದಷ್ಟು ಒತ್ತಡ ಹೆಚ್ಚಿದರೆ ದ್ರವನಬಿಂದು ಇಳಿಯುವುದು ಸುಮಾರು 0.0075 ಡಿಗ್ರಿ ಸೆಲ್ಸಿಯಸ್ ಮಾತ್ರ. ಆರೇಳು ವಾಯುಭಾರಕ್ಕೆ 0.05 ಡಿಗ್ರಿ! ಅಲಗು ಪೂರ್ತಿ ತಾಗದೆ ಹತ್ತನೇ ಒಂದು ಪಾಲು ಮಾತ್ರ ತಾಗಿತು ಎಂದರೂ ಅರ್ಧ ಡಿಗ್ರಿ. ಸ್ಕೇಟಿಂಗ್ ಅಂಗಳದ ಮಂಜುಗಡ್ಡೆಯಾದರೋ ಸೊನ್ನೆಗಿಂತ ಮೂರು ಡಿಗ್ರಿಯಿಂದ ಏಳು ಡಿಗ್ರಿಯಷ್ಟು ಕೆಳಗಿರುತ್ತದೆ. ಒತ್ತಡವೊಂದರಿಂದಲೇ ಅದು ಕರಗುವಂತಿಲ್ಲ.

ಹಾಗಾದರೆ ಜಾರಿಕೆ ಬಂದದ್ದು ಎಲ್ಲಿಂದ? ವಿಜ್ಞಾನಿಗಳು ಎರಡು ಮೂಲಗಳನ್ನು ತೋರಿಸುತ್ತಾರೆ. ಮೊದಲನೆಯದು ಮಂಜುಗಡ್ಡೆಯ ಮೈಯಲ್ಲೇ ಇದೆ. ಒಳಗಿರುವ ನೀರಿನ ಅಣುವಿಗೆ ಸುತ್ತಲೂ ಜೊತೆಗಾರ ಅಣುಗಳ ಹಿಡಿತವಿರುತ್ತದೆ. ಮೇಲ್ಮೈಯ ಅಣುವಿಗೆ ಮೇಲುಗಡೆ ಜೊತೆಗಾರರಿಲ್ಲ. ಹಾಗಾಗಿ ಅದು ಸಡಿಲ. ಸೊನ್ನೆಗಿಂತ ತಣ್ಣಗಿರುವಾಗಲೂ ಅತ್ತಿತ್ತ ಸರಿದಾಡಬಲ್ಲದು. ಮೈಕೆಲ್ ಫ್ಯಾರಡೆ 1850ರಲ್ಲಿಯೇ ಇದರ ಸುಳಿವು ಹಿಡಿದಿದ್ದರು. ಎರಡು ಮಂಜುಗಡ್ಡೆಗಳನ್ನು ತಾಗಿಸಿದರೆ ಅಂಟಿಕೊಳ್ಳುವುದನ್ನು ಕಂಡು, ಅವುಗಳ ಮೈಮೇಲೆ ನೀರಿನಂಥ ತೆಳು ಪದರವಿರಬೇಕೆಂದು ಅವರು ವಾದಿಸಿದರು.

ಎರಡನೆಯದು ಘರ್ಷಣೆಯ ಕಾವು. ಚಳಿಗೆ ಅಂಗೈ ಉಜ್ಜಿಕೊಂಡಾಗ ಬರುವ ಕಾವೇ ಇದು. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಹಿಮಪರ್ವತದ ಗುಹೆಯೊಂದರಲ್ಲೂ ಪ್ರಯೋಗ ನಡೆಸಿ, ಜಾರುವ ವಸ್ತುವಿನ ಘರ್ಷಣೆಯಿಂದಲೇ ಮಂಜು ಕರಗುತ್ತದೆಂದು ತೋರಿಸಿದರು. ಕಾವನ್ನು ಬೇಗ ಸಾಗಿಸಿಬಿಡುವ ಹಿತ್ತಾಳೆ ಕಡಿಮೆ ಜಾರಿತು. ಕಾವನ್ನು ಸಾಗಿಸದ ಎಬೊನೈಟ್ ಚೆನ್ನಾಗಿ ಜಾರಿತು.

ಸಡಿಲ ಅಣುಗಳು ಹೆಚ್ಚಿದಷ್ಟೂ ಜಾರಿಕೆ ಹೆಚ್ಚಾಗಬೇಕಲ್ಲವೇ? ಹಾಗಾದರೆ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು ಎನ್ನಬಹುದು. ಆದರೆ ಅಷ್ಟು ಬೆಚ್ಚಗಾದರೆ ಮಂಜುಗಡ್ಡೆ ಮೆತ್ತಗಾಗಿ, ಜಾರುವ ವಸ್ತು ಅದರೊಳಗೆ ಹೂತುಕೊಳ್ಳುತ್ತದೆ. 2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಡೇನಿಯಲ್ ಬಾನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ಘರ್ಷಣೆ ಅತ್ಯಂತ ಕಡಿಮೆಯಾಗುವುದು ಮೈನಸ್ 7 ಡಿಗ್ರಿಯ ಆಸುಪಾಸಿನಲ್ಲಿ. ವೇಗದ ಸ್ಕೇಟಿಂಗ್ ಅಂಗಳಗಳನ್ನು ನೋಡಿಕೊಳ್ಳುವವರು ತಮ್ಮ ಅನುಭವದಿಂದ ಬಂದು ನಿಂತಿದ್ದ ಮಟ್ಟವೂ ಹೆಚ್ಚುಕಡಿಮೆ ಇದೇ.

ಸಾರಿಸಿದ ನೆಲ: ಸ್ಕೇಟಿಂಗ್

ಸ್ಕೇಟ್ ಮಾಡುವವನಿಗೆ ಜಾರಿದರಷ್ಟೇ ಸಾಲದು. ಮುಂದಕ್ಕೆ ಹೋಗಬೇಕಾದರೆ ಹಿಂದಕ್ಕೆ ಒದೆಯಬೇಕು. ನ್ಯೂಟನ್ನನ ಮೂರನೆಯ ನಿಯಮದಿಂದ ತಪ್ಪಿಸಿಕೊಳ್ಳುವವರಾರು? ಒದೆಯಬೇಕಾದರೆ ಹಿಡಿತ ಬೇಕು. ಆದುದರಿಂದ ಅಲಗಿನ ತಳವನ್ನು ಉದ್ದಕ್ಕೂ ಸಣ್ಣ ತೋಡಿನಂತೆ ಕೊರೆದು, ಎರಡು ಪಕ್ಕಕ್ಕೂ ಹರಿತ ಅಂಚು ಬರುವಂತೆ ಸಾಣೆ ಹಿಡಿಯುತ್ತಾರೆ. ಪಾದವನ್ನು ನೇರ ಇಟ್ಟರೆ ಅಲಗು ಜಾರುತ್ತದೆ. ವಾರೆ ಮಾಡಿದರೆ ಅಂಚು ಮಂಜನ್ನು ಕಚ್ಚುತ್ತದೆ. ಜಾರುವುದು, ಕಚ್ಚುವುದು ಎರಡೂ ಒಂದೇ ನೆಲದಲ್ಲಿ ಆಗಬೇಕು.

ಆದ್ದರಿಂದ ಸ್ಕೇಟಿಂಗ್ ಅಂಗಳ ಗಾಜಿನಂತೆ ಸಪಾಟಾಗಿದ್ದು, ಅಂಚನ್ನು ಒಳಕ್ಕೆ ಬಿಟ್ಟುಕೊಳ್ಳುವಷ್ಟು ಮೃದುವಾಗಿಯೂ ಇರಬೇಕು. ಎಷ್ಟು ಮೃದು ಎಂಬುದು ಆಟವನ್ನು ಅವಲಂಬಿಸುತ್ತದೆ. ಎಗರಿ ಸುತ್ತಿ ಒಂದು ಕಾಲ ಮೇಲೆ ಇಳಿಯುವ ಫಿಗರ್ ಸ್ಕೇಟಿಂಗಿಗೆ ಸುಮಾರು ಮೈನಸ್ 3ರಿಂದ 4 ಡಿಗ್ರಿಯ ಮಂಜು ಹಿತ. ಇನ್ನೂ ತಣ್ಣಗಾದರೆ ಅದು ಪೆಡಸಾಗಿ ಚಕ್ಕೆ ಏಳುತ್ತದೆ. ಐಸ್ ಹಾಕಿಗೆ ಮೈನಸ್ 5ರಿಂದ 6 ಡಿಗ್ರಿಯ ಗಟ್ಟಿ ಮಂಜು ಬೇಕು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಮತ್ತು ಶಾರ್ಟ್ ಟ್ರ್ಯಾಕ್ ವೇಗದ ಸ್ಕೇಟಿಂಗ್ ಎರಡನ್ನೂ ಕ್ಯಾಪಿಟಲ್ ಒಳಾಂಗಣ ಕ್ರೀಡಾಂಗಣದ ಒಂದೇ ಅಂಗಳದಲ್ಲಿ ನಡೆಸಿದರು. ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ಮೊದಲು ನೆಲದ ಉಷ್ಣತೆಯನ್ನೇ ಬದಲಿಸಬೇಕಾಗಿತ್ತು.

ಅಲಗು ಕಚ್ಚಿದ ಮೇಲೆ ಗೀರು ಬೀಳಲೇಬೇಕು, ಪುಡಿ ಏಳಲೇಬೇಕು. ಇದನ್ನು ಸರಿಪಡಿಸುವ ಯಂತ್ರವನ್ನು 1949ರಲ್ಲಿ ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರಾಂಕ್ ಝಂಬೋನಿ. ಅವರ ಕತೆ ಸ್ವಾರಸ್ಯಕರ. ತಮ್ಮನೊಂದಿಗೆ ಸೇರಿ ಅವರು ಐಸ್ ಗಡ್ಡೆ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ರೆಫ್ರಿಜರೇಟರುಗಳು ಬಂದು ಐಸ್ ಗಡ್ಡೆಗೆ ಗಿರಾಕಿ ಕಡಿಮೆಯಾದಾಗ, ತಮಗೆ ಗೊತ್ತಿದ್ದ ವಿದ್ಯೆಯನ್ನೇ ನೆಚ್ಚಿ 1940ರಲ್ಲಿ ಸ್ಕೇಟಿಂಗ್ ಅಂಗಳ ತೆರೆದರು. ಅಂಗಳವನ್ನು ಕೆರೆದು, ತೊಳೆದು, ನೀರು ಹಾಕಲು ಹಲವು ಆಳುಗಳು ಒಂದು ಗಂಟೆಗೂ ಮಿಕ್ಕಿ ದುಡಿಯಬೇಕಿತ್ತು. ಝಂಬೋನಿಯವರ ಯಂತ್ರ ಒಬ್ಬ ಚಾಲಕನಿಂದ ಅದನ್ನು ಕಾಲು ಗಂಟೆಯೊಳಗೆ ಮುಗಿಸತೊಡಗಿತು. ಅದರ ಅಲಗು ಮೇಲ್ಪದರವನ್ನು ಹೆರೆಯುತ್ತದೆ, ಪುಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಹಿಂದೆ ಎಳೆದು ಬರುವ ಅಗಲವಾದ ಬಟ್ಟೆ ಬಿಸಿನೀರನ್ನು ತೆಳ್ಳಗೆ ಬಳಿಯುತ್ತದೆ. ಸಾರಿಸುವುದೆಂದರೆ ಇದೇ ಅಲ್ಲವೇ?

ಬಿಸಿನೀರೇಕೆ ಎಂದು ಕೇಳಬಹುದು. ಉತ್ತರವನ್ನು ಕಾಣಲು ಕಬ್ಬಿನ ಹಾಲಿನ ಅಂಗಡಿಗೆ ಹೋದರೆ ಸಾಕು. ಗೋಣಿ ತಾಟಿನಲ್ಲಿ ಸುತ್ತಿಟ್ಟ ಐಸ್ ಗಡ್ಡೆಯನ್ನು ಗಮನಿಸಿ. ಹೊರಭಾಗ ಪಾರದರ್ಶಕ, ನಡುಭಾಗ ಬೆಳ್ಳಗೆ. ನೀರು ಹೆಪ್ಪುಗಟ್ಟುವಾಗ ಅದರಲ್ಲಿ ಕರಗಿದ್ದ ಗಾಳಿ ಮತ್ತು ಲವಣಗಳನ್ನು ಹೊರದಬ್ಬುತ್ತದೆ. ಅವು ಹೊರಗಿನಿಂದ ಒಳಕ್ಕೆ ಸರಿಯುತ್ತಾ ಕೊನೆಗೆ ನಡುವೆ ಸಿಕ್ಕಿಬೀಳುತ್ತವೆ. ಆ ಬಿಳುಪಿಗೆ ಮುಖ್ಯ ಕಾರಣ ಗಾಳಿಯ ಸಣ್ಣ ಗುಳ್ಳೆಗಳು. ಗುಳ್ಳೆಯಿರುವ ಕಡೆ ಮಂಜು ದುರ್ಬಲ. ಬಿಸಿನೀರಿನಲ್ಲಿ ಕರಗಿದ ಗಾಳಿ ಕಡಿಮೆ. ಜೊತೆಗೆ ಅದು ಹಳೆಯ ಮಂಜನ್ನು ತುಸುವೇ ಕರಗಿಸಿ, ಗೀರುಗಳನ್ನು ತುಂಬಿ, ಬೆಸುಗೆ ಹಾಕಿದಂತೆ ಕೂಡಿಕೊಳ್ಳುತ್ತದೆ.

ಚಿಮುಕಿಸಿದ ನೆಲ: ಕರ್ಲಿಂಗ್

ಇಷ್ಟು ಅಕ್ಕರೆಯಿಂದ ಸಾರಿಸಿದ ನೆಲದ ಮೇಲೆ ಕರ್ಲಿಂಗ್ ಕಲ್ಲನ್ನು ಬಿಟ್ಟರೆ ಏನಾಗುತ್ತದೆ? ಅದು ಗುರಿ ತಲುಪುವ ಮೊದಲೇ ದಾರಿಯಲ್ಲಿ ನಿಂತುಬಿಡುತ್ತದೆ! ಹೆಚ್ಚು ನುಣುಪಾದ ನೆಲದಲ್ಲಿ ಕಲ್ಲು ಹೆಚ್ಚು ದೂರ ಹೋಗಬೇಕಿತ್ತಲ್ಲ?

ಮೊದಲು ಕಲ್ಲಿನ ಪರಿಚಯ ಮಾಡಿಕೊಳ್ಳೋಣ. ಇದು ನಮ್ಮ ರೋಣಗಲ್ಲಿನ ಹಾಗೆ ಕಣಶಿಲೆ, ಅಂದರೆ ಗ್ರಾನೈಟ್. ಒಲಿಂಪಿಕ್ಸ್‌ನಲ್ಲಿ ಬಳಸುವ ಕಲ್ಲುಗಳ ಶಿಲೆ ಬರುವುದು ಸ್ಕಾಟ್ಲೆಂಡಿನ ಕರಾವಳಿಯಾಚೆಯ ಏಲ್ಸ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ. ತೂಕ 20 ಕಿಲೋಗ್ರಾಂಗೆ ತುಸು ಕಡಿಮೆ. ತಳ ಸಪಾಟಾಗಿಲ್ಲ, ಒಳಕ್ಕೆ ಗುಳಿಬಿದ್ದಿದೆ. ಬಟ್ಟಲಿನ ಅಡಿಯಲ್ಲಿ ಬಳೆಯಂಥ ಅಂಚಿರುವ ಹಾಗೆ ಇದರ ತಳದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಉಂಗುರವಿದೆ. ಕಲ್ಲು ಓಡುವುದು ಆ ಉಂಗುರದ ಮೇಲೆ.

ಈ ಕಲ್ಲಿಗೆಂದು ನೆಲವನ್ನು ಹದ ಮಾಡುವವನು ಬೆನ್ನಿಗೆ ನೀರಿನ ತೊಟ್ಟಿ ಕಟ್ಟಿಕೊಂಡು, ಗದ್ದೆಗೆ ಔಷಧಿ ಹೊಡೆಯುವವನಂತೆ ಹಿಂದೆ ಹಿಂದೆ ನಡೆಯುತ್ತಾನೆ. ಕೈಯಲ್ಲಿನ ಕೊಳವೆಗೆ ಸಣ್ಣ ತೂತುಗಳ ಮೂತಿ ಇದೆ. ಅದನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಬಿಸಿನೀರಿನ ಹನಿಗಳನ್ನು ಚಿಮುಕಿಸುತ್ತಾನೆ. ಲವಣಗಳನ್ನು ತೆಗೆದ ಶುದ್ಧ ನೀರೇ ಬೇಕು. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಉಬ್ಬುಗಳಾಗುತ್ತವೆ. ಇವಕ್ಕೆ ಪೆಬಲ್ ಎಂದು ಹೆಸರು. ನಾವು ಹರಳು ಎನ್ನೋಣ. ಆಮೇಲೆ ಅಗಲವಾದ ಅಲಗಿನಿಂದ ಹರಳುಗಳ ತಲೆಯನ್ನಷ್ಟೇ ಒಂದೇ ಮಟ್ಟಕ್ಕೆ ಸವರಿಬಿಡುತ್ತಾರೆ.

ಈಗ ಕಲ್ಲಿನ ಉಂಗುರ ನೆಲಕ್ಕೆ ಪೂರ್ತಿ ತಾಗದೆ ಹರಳುಗಳ ನೆತ್ತಿಗಷ್ಟೇ ತಾಗುತ್ತದೆ. 20 ಕಿಲೋ ಭಾರ, ಘರ್ಷಣೆಯ ಕಾವು ಎರಡೂ ಆ ಪುಟ್ಟ ನೆತ್ತಿಗಳ ಮೇಲೆ ಕೂಡಿಕೊಳ್ಳುತ್ತವೆ. ಚದುರಿಹೋಗುತ್ತಿದ್ದ ಕಾವು ಒಂದೆಡೆ ಸೇರಿದ್ದರಿಂದ ಅಲ್ಲಿನ ಅಣುಗಳು ಸುಲಭವಾಗಿ ಸಡಿಲಗೊಂಡು ಕಲ್ಲಿಗೆ ದಾರಿ ಬಿಡುತ್ತವೆ.

ಚುರುಕಾದ ವಿದ್ಯಾರ್ಥಿಯೊಬ್ಬ ಇಲ್ಲಿ ಕೈ ಎತ್ತಬಹುದು: ‘ಘರ್ಷಣೆ ತಾಗುವ ಕ್ಷೇತ್ರಫಲವನ್ನು ಅವಲಂಬಿಸುವುದಿಲ್ಲ ಎಂದು ಪಾಠದಲ್ಲಿದೆಯಲ್ಲ?’ ಒಣಗಿದ ಗಟ್ಟಿ ವಸ್ತುಗಳ ನಡುವೆ ಆ ನಿಯಮ ಬಹುಮಟ್ಟಿಗೆ ಸರಿ. ಮರದ ದಿಮ್ಮಿಯನ್ನು ಮೇಜಿನ ಮೇಲೆ ಎಳೆದು ಪರೀಕ್ಷಿಸಬಹುದು. ತಾನೇ ಕರಗಿ ತಾನೇ ಎಣ್ಣೆಯಾಗುವ ಮಂಜುಗಡ್ಡೆಯ ಮಟ್ಟಿಗೆ ಆ ನಿಯಮವನ್ನು ಹಾಗೆಯೇ ಅನ್ವಯಿಸಲಾಗದು. ಪ್ರತಿ ನಿಯಮಕ್ಕೂ ಅದರದೇ ಸರಹದ್ದು ಇದೆ ಎಂಬುದನ್ನು ನಿಯಮದ ಜೊತೆಗೇ ಕಲಿಯುವುದು ಒಳ್ಳೆಯದು.

ಇನ್ನು ತಾತನ ಪ್ರಶ್ನೆ. ಗುಡಿಸುವುದು ಬರೀ ಕಸ ತೆಗೆಯುವುದಕ್ಕಲ್ಲ. ಬಲವಾಗಿ ಉಜ್ಜಿದಾಗ ಹರಳುಗಳ ನೆತ್ತಿ ತುಸು ಬೆಚ್ಚಗಾಗಿ ಘರ್ಷಣೆ ತಗ್ಗುತ್ತದೆ. ಕಲ್ಲು ಕೆಲವು ಮೀಟರ್ ಹೆಚ್ಚು ದೂರ ಓಡುತ್ತದೆ. ಅದರ ದಾರಿ ಹೆಚ್ಚು ನೇರವಾಗುತ್ತದೆ. ಇದು ಎಷ್ಟು ಪರಿಣಾಮಕಾರಿಯೆಂದರೆ, 2015ರಲ್ಲಿ ಕೆಲವು ಹೊಸ ಬಗೆಯ ಕುಂಚಗಳಿಂದ ಕಲ್ಲನ್ನು ಬೇಕಾದತ್ತ ತಿರುಗಿಸಬಹುದೆಂದು ದೊಡ್ಡ ವಿವಾದವೇ ಎದ್ದಿತು. ಮರುವರ್ಷ ವಿಶ್ವ ಕರ್ಲಿಂಗ್ ಒಕ್ಕೂಟ ಕುಂಚದ ಬಟ್ಟೆ ಹೇಗಿರಬೇಕೆಂದು ನಿಯಮ ಮಾಡಬೇಕಾಯಿತು.

ಕಲ್ಲಿಗೆ ಕಣ್ಣಿಲ್ಲ

ಎರಡು ನೆಲಗಳ ನಡುವಣ ನಿಜವಾದ ವ್ಯತ್ಯಾಸ ಎಲ್ಲಿದೆ ಎಂದು ಈಗ ನೋಡಬಹುದು. ಸ್ಕೇಟ್ ಮಾಡುವವನಿಗೆ ಕಣ್ಣಿದೆ, ಕಾಲಿದೆ. ನೆಲ ತುಸು ಓರೆಯಿದ್ದರೂ, ಹಳೆಯ ಗೀರೊಂದು ಅಡ್ಡ ಬಂದರೂ ಅವನು ಮೈ ಬಾಗಿಸಿ ಸರಿಮಾಡಿಕೊಳ್ಳುತ್ತಾನೆ. ಕಲ್ಲಿಗೆ ಆ ಭಾಗ್ಯವಿಲ್ಲ. ಕೈಬಿಟ್ಟ ಮೇಲೆ ಸುಮಾರು 25 ಸೆಕೆಂಡುಗಳ ಕಾಲ ಅದು ಒಂಟಿ. ಸುಮಾರು 45 ಮೀಟರ್ ಉದ್ದದ ಅಂಗಳದ ಆ ತುದಿಯಲ್ಲಿ 12 ಅಡಿ ವ್ಯಾಸದ ವೃತ್ತದ ನಡುವೆ ಹೋಗಿ ನಿಲ್ಲಬೇಕು. ಕೊನೆಕೊನೆಗೆ ಆಮೆಯಂತೆ ಸರಿಯುವಾಗ ನೆಲದ ಎಳ್ಳಷ್ಟು ಓರೆಯೂ ಅದನ್ನು ದಾರಿ ತಪ್ಪಿಸುತ್ತದೆ. ಆದ್ದರಿಂದ ಕರ್ಲಿಂಗ್ ನೆಲ ಹೆಚ್ಚು ಸಮತಟ್ಟಾಗಿರಬೇಕು, ಉಷ್ಣತೆ ಉದ್ದಕ್ಕೂ ಮೈನಸ್ 5ರ ಆಸುಪಾಸಿನಲ್ಲಿ ಒಂದೇ ಸಮನಾಗಿರಬೇಕು, ಗಾಳಿಯ ತೇವ ಹರಳುಗಳ ಮೇಲೆ ಇಬ್ಬನಿಯಾಗಿ ಕೂರದಂತೆ ನೋಡಿಕೊಳ್ಳಬೇಕು.

ಬೀಜಿಂಗಿನಲ್ಲಿ 2008ರ ಒಲಿಂಪಿಕ್ಸ್‌ಗೆ ಕಟ್ಟಿದ ‘ವಾಟರ್ ಕ್ಯೂಬ್’ ಈಜುಕೊಳವನ್ನೇ 2022ರಲ್ಲಿ ಕರ್ಲಿಂಗ್ ಅಂಗಳವಾಗಿಸಿದರು. ಕೊಳದ ನೀರನ್ನು ಖಾಲಿ ಮಾಡಿ, ಅದರಲ್ಲಿ ಉಕ್ಕಿನ ಚೌಕಟ್ಟು ನಿಲ್ಲಿಸಿ, ಮೇಲೆ ಕಾಂಕ್ರೀಟ್ ಹಲಗೆಗಳನ್ನು ಹಾಸಿ, ಆ ನೆಲದ ಮೇಲೆ ಮಂಜು ಕಟ್ಟಿದರು.

ಕರ್ಲಿಂಗ್ ಎಂಬ ಹೆಸರು ಬಂದದ್ದು ಕಲ್ಲು ಬಳ್ಳಿಯಂತೆ ಬಳುಕಿ ಪಕ್ಕಕ್ಕೆ ತಿರುಗುವುದರಿಂದ. ಇದರಲ್ಲೊಂದು ಒಗಟಿದೆ, ಮನೆಯಲ್ಲೇ ಪರೀಕ್ಷಿಸಬಹುದು. ನುಣುಪಾದ ಮೇಜಿನ ಮೇಲೆ ಸ್ಟೀಲ್ ಲೋಟವನ್ನು ಬೋರಲು ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸುತ್ತಾ ಮುಂದಕ್ಕೆ ತಳ್ಳಿ. ಅದು ಎಡಕ್ಕೆ ವಾಲುತ್ತದೆ. ಲೋಟದ ಮುಂದಿನ ಅಂಚು ಹೆಚ್ಚು ಒತ್ತುವುದರಿಂದ ಅಲ್ಲಿ ಘರ್ಷಣೆ ಹೆಚ್ಚು. ಮುಂದಿನ ಅಂಚು ಬಲಕ್ಕೆ ಸರಿಯುತ್ತಿರುವುದರಿಂದ ಘರ್ಷಣೆ ಅದನ್ನು ಎಡಕ್ಕೆ ತಳ್ಳುತ್ತದೆ. ಕರ್ಲಿಂಗ್ ಕಲ್ಲನ್ನು ಅದೇ ದಿಕ್ಕಿಗೆ ತಿರುಗಿಸಿ ಬಿಟ್ಟರೆ ಅದು ತಿರುಗುವುದು ಬಲಕ್ಕೆ!

ಏಕೆ? ಜಪಾನಿನ ರಿಕ್ಯೋ ವಿಶ್ವವಿದ್ಯಾಲಯದ ಜಿರೋ ಮುರಾತ ಎಂಬ ಭೌತವಿಜ್ಞಾನಿ ನೂರಕ್ಕೂ ಹೆಚ್ಚು ಎಸೆತಗಳನ್ನು ಕ್ಯಾಮರಾದಿಂದ ಸೂಕ್ಷ್ಮವಾಗಿ ಅಳೆದು 2022ರಲ್ಲಿ ಒಂದು ವಿವರಣೆ ಕೊಟ್ಟರು. ಹಾಗೆ ತಿರುಗುವ ಕಲ್ಲಿನ ಎಡಭಾಗ ನೆಲದ ಮೇಲೆ ವೇಗವಾಗಿಯೂ ಬಲಭಾಗ ನಿಧಾನವಾಗಿಯೂ ಸರಿಯುತ್ತದೆ. ಮಂಜಿನ ಮೇಲೆ ನಿಧಾನವಾದ ಕಡೆ ಘರ್ಷಣೆ ಹೆಚ್ಚು. ಬಲಭಾಗ ಹರಳುಗಳಿಗೆ ಸಿಕ್ಕಿಕೊಂಡಂತಾಗಿ ಕಲ್ಲು ಆ ಕಡೆಗೆ ಹೊರಳುತ್ತದೆ. ಕಣದಲ್ಲಿ ಜೋಡೆತ್ತು ಹೊಡೆದವರಿಗೆ ಇದು ಗೊತ್ತು: ಬಲಗಡೆಯ ಎತ್ತು ನಿಧಾನಿಸಿದರೆ ಜೋಡಿ ಬಲಕ್ಕೇ ತಿರುಗುತ್ತದೆ. ಆದರೆ ಕಲ್ಲಿನ ಉಂಗುರ ಮಂಜಿನಲ್ಲಿ ಮಾಡುವ ಸೂಕ್ಷ್ಮ ಗೀರುಗಳೇ ಕಾರಣವೆಂಬ ಇನ್ನೊಂದು ವಾದವೂ ಇದೆ. ಶತಮಾನಗಳಿಂದ ಆಡುತ್ತಿರುವ ಆಟ. ಆದರೂ ಚರ್ಚೆ ಮುಗಿದಿಲ್ಲ.

ನಮ್ಮ ಮಕ್ಕಳು, ಅವರ ನೆಲ

ಕೆರೆ ಹೆಪ್ಪುಗಟ್ಟದ ನಾಡಿಗೆ ಇದೆಲ್ಲ ಏಕೆ ಎನ್ನಬೇಡಿ. ಶಿಮ್ಲಾದಲ್ಲಿ 1920ರಿಂದಲೂ ತೆರೆದ ಅಂಗಳದಲ್ಲಿ ನೀರು ಹಾಕಿ, ರಾತ್ರಿಯ ಚಳಿಗೇ ಹೆಪ್ಪುಗಟ್ಟಿಸಿ ಸ್ಕೇಟಿಂಗ್ ನಡೆಯುತ್ತಿದೆ. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗೆಂದು ಕಟ್ಟಿದ ಒಳಾಂಗಣ ಬಹುಕಾಲ ಮುಚ್ಚಿದ್ದು, 2025ರಲ್ಲಿ ಮತ್ತೆ ಬಳಕೆಗೆ ಬಂತು. ಕಣವನ್ನು ಪ್ರತಿ ಸುಗ್ಗಿಗೂ ಹೊಸದಾಗಿ ಮಾಡಬೇಕಾದಂತೆ ಮಂಜಿನ ನೆಲವನ್ನೂ ದಿನದಿನವೂ ಕಾಪಾಡಬೇಕು. ಒಮ್ಮೆ ಕಟ್ಟಿಬಿಟ್ಟರೆ ಆಗದು. 2024ರ ಫೆಬ್ರುವರಿಯಲ್ಲಿ ಲೇಹ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಸ್ಕೇಟಿಂಗಿನಲ್ಲಿ ಕರ್ನಾಟಕದವರೂ ಪದಕ ಗೆದ್ದರು. ಚಕ್ರದ ಸ್ಕೇಟಿನ ಮೇಲೆ ಸಿಮೆಂಟು ನೆಲದಲ್ಲಿ ಕಲಿಯುವ ನಮ್ಮ ಮಕ್ಕಳು ಮಂಜಿನ ಮೇಲೆ ಮೊದಲ ಸಲ ಕಾಲಿಟ್ಟಾಗ ಎಡವಿದರೆ ತಂದೆತಾಯಿಗಳು ಗಾಬರಿಯಾಗಬೇಕಿಲ್ಲ. ಮಗು ಆಟವನ್ನು ಮರೆತಿಲ್ಲ. ನೆಲ ಬದಲಾಗಿದೆ, ಕಾಲು ಅದನ್ನು ಹೊಸದಾಗಿ ಓದಬೇಕಾಗಿದೆ.

ಮತ್ತೆ ಜಗಲಿಗೆ ಬರೋಣ. ಹುಡುಗಿಗೆ ಈಗ ಇನ್ನೊಂದು ಚಿಂತೆ. ‘ಹಾಗಾದ್ರೆ ಪರೀಕ್ಷೇಲಿ ಏನು ಬರೀಲಿ?’

ನ್ಯಾಯವಾದ ಪ್ರಶ್ನೆ. ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ದ್ರವನಬಿಂದು ಇಳಿಯುತ್ತದೆ ಎಂದು ಬರೆಯಲಿ, ಅದು ಸತ್ಯ. ಸ್ಕೇಟಿಂಗಿಗೆ ಅದೊಂದೇ ಸಾಲದು, ಘರ್ಷಣೆಯ ಕಾವೂ ಮೇಲ್ಮೈಯ ಸಡಿಲ ಅಣುಗಳೂ ಕಾರಣ ಎಂದು ಇನ್ನೊಂದು ವಾಕ್ಯ ಸೇರಿಸಲಿ. ಲೆಕ್ಕವನ್ನೂ ಮಾಡಿ ತೋರಿಸಲಿ. ಮನೆಯವರು ‘ಗೈಡಿನಲ್ಲಿ ಇದ್ದಷ್ಟು ಬರಿ, ಅಧಿಕಪ್ರಸಂಗ ಬೇಡ’ ಎಂದು ಗದರದಿದ್ದರೆ ಸಾಕು. ‘ಶೂಗೆ ಅಲಗು ಎಲ್ಲಿದೆ?’ ಎಂಬಂಥ ಒಂದು ಪ್ರಶ್ನೆ, ನೂರು ವರ್ಷ ಪುಸ್ತಕದಲ್ಲಿ ಕುಳಿತ ಉತ್ತರವನ್ನೂ ಅಲ್ಲಾಡಿಸಬಲ್ಲದು.

‘ತಾತ, ನಿಮ್ಮ ಕಾಲದ ಹಾಗೆ ಒಂದು ಕಣ ಮಾಡಿ ತೋರಿಸ್ತೀರಾ?’ ಎನ್ನುತ್ತಾನೆ ಮೊಮ್ಮಗ.

‘ಅದಕ್ಕೇನ್ಲಾ, ನೀನು ನೀರು ಹೊತ್ತು ಹಾಕು, ಮಾಡುವ’ ಎಂದು ತಾತ ಏಳುತ್ತಾರೆ.